ಹಿತ್ತಿಲ ಬಾಗಿಲ ಅಗುಳಿ ಮುರಿದಾಗ

ಮಾಘದ ಮದುವೆಗಳು, ಅಡಿಕೆ ಸುಲಿತ, ರೋಬಸ್ಟಾ ಕುಯ್ಲು ಎಲ್ಲವೂ ಒಂದರ ಮೇಲೊಂದು ಬಂದು ಬೀಳುವ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಷಡ್ಡಕರ ಮಗಳ ಮದುವೆಗೆಂದು ನಾವು ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೋಗಿ ಎರಡು ರಾತ್ರಿ ಅಲ್ಲಿಯೇ ಉಳಿದೆವು. ಮೂರನೆಯ ದಿನ ಮಧ್ಯಾಹ್ನ ಬಂದು ಮುಂಬಾಗಿಲಿನ ಬೀಗ ತೆಗೆದಾಗ ಏನೂ ಗೊತ್ತಾಗಲಿಲ್ಲ. ಕೈಕಾಲು ತೊಳೆಯಲು ಬಚ್ಚಲ ಕಡೆ ಹೋದ ನಮ್ಮ ಮನೆಯವರು ಅಲ್ಲಿಂದಲೇ ಕೂಗಿದರು. ಹಿತ್ತಿಲ ಬಾಗಿಲು ತೆರೆದಿತ್ತು. ನಮ್ಮ ತಂದೆಯವರ ಕಾಲದ ಹಲಸಿನ ಮರದ ಅಗುಳಿ ಎರಡು ತುಂಡಾಗಿ ನೆಲದಲ್ಲಿ ಬಿದ್ದಿತ್ತು. ಒಳಕೋಣೆಯ ಬೀರು ತೆರೆದು ಬಟ್ಟೆಬರೆಯೆಲ್ಲ ಚೆಲ್ಲಾಪಿಲ್ಲಿಯಾಗಿತ್ತು.

ಹೋದದ್ದು ಇಷ್ಟು: ನಮ್ಮ ತಾಯಿಯವರಿಂದ ಬಂದ 32 ಗ್ರಾಂ ತೂಕದ ಅವಲಕ್ಕಿ ಸರ, 48 ಗ್ರಾಂನ ಎರಡು ಜೊತೆ ಬಳೆ, 8 ಗ್ರಾಂನ ಓಲೆ, ಆಳುಗಳ ವಾರದ ಬಟವಾಡೆಗೆಂದು ಬ್ಯಾಂಕಿನಿಂದ ತಂದಿಟ್ಟಿದ್ದ 38 ಸಾವಿರ ರೂಪಾಯಿ, ಉಗ್ರಾಣದಲ್ಲಿದ್ದ ಐದು ಮೂಟೆ ಅಡಿಕೆ. ಬೆಳ್ಳಿಯ ದೀಪ, ತಟ್ಟೆಗಳನ್ನು ಅವರು ಮುಟ್ಟಿರಲಿಲ್ಲ. ಮಾಂಗಲ್ಯದ ಸರ ಮನೆಯವರ ಕೊರಳಲ್ಲಿತ್ತು, ಅದೊಂದು ಉಳಿಯಿತು.

ಈ ವಿಷಯ ಸದಸ್ಯರಲ್ಲಿ ಬಹುಮಂದಿಗೆ ಗೊತ್ತು. ಆನಂತರ ಸಂಘದ ಕಛೇರಿಗೆ ಅಡಿಕೆ ತಂದವರು, ಗೊಬ್ಬರಕ್ಕೆ ಬಂದವರು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಇನ್ಶೂರೆನ್ಸ್ ಬಂತಾ ಕಾರ್ಯದರ್ಶಿಗಳೇ? ಪೋಲೀಸಿನವರು ಹಿಡಿದರಾ?" ನಿಂತಲ್ಲೇ ಒಂದು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಇಲ್ಲಿ ಬರೆದಿದ್ದೇವೆ. ಇದರಲ್ಲಿ ನಾವು ಮಾಡಿದ ತಪ್ಪುಗಳೇ ಹೆಚ್ಚು. ಸಂಘದ ಕಾಗದಪತ್ರಗಳಲ್ಲೇ ತಲೆ ನರೆತ ನಮಗೇ ಹೀಗಾದರೆ ಉಳಿದವರ ಪಾಡೇನು ಎಂದು ಯಾರಾದರೂ ನಕ್ಕರೆ ನಾವು ಬೇಸರಪಟ್ಟುಕೊಳ್ಳುವುದಿಲ್ಲ.

ಮೊದಲ ತಪ್ಪು ಮೊದಲ ಅರ್ಧ ಗಂಟೆಯಲ್ಲಿಯೇ ಆಯಿತು. ಪೋಲೀಸರು ಬರುವ ಮೊದಲು ನಮ್ಮ ಮನೆಯವರು ಒಳಕೋಣೆಯ ಬಟ್ಟೆಗಳನ್ನೆಲ್ಲ ಎತ್ತಿ ಮಡಿಚಿಟ್ಟು ನೆಲ ಗುಡಿಸಿಬಿಟ್ಟರು. ಕಂಡವರು ಕಾಲಿಟ್ಟ ಮನೆಯಲ್ಲಿ ದೇವರ ದೀಪ ಹಚ್ಚುವುದು ಹೇಗೆಂಬುದು ಅವರ ಸಂಕಟ. ನಾವೂ ತಡೆಯಲಿಲ್ಲ. ಬೀರುವಿನ ಬಾಗಿಲನ್ನು ಮನೆಯ ನಾಲ್ಕೈದು ಜನ ಮುಟ್ಟಿ ಮುಟ್ಟಿ ನೋಡಿದೆವು. ಸಂಜೆ ಬಂದ ಬೆರಳಚ್ಚಿನ ತಜ್ಞರು ಪುಡಿ ಸವರಿ ನೋಡಿ, "ಇದರ ಮೇಲೆ ಇರುವುದೆಲ್ಲ ನಿಮ್ಮದೇ ಸಾರ್" ಎಂದು ಹೇಳಿ ಪೆಟ್ಟಿಗೆ ಮುಚ್ಚಿದರು. ಪೋಲೀಸ್ ನಾಯಿ ಹಿತ್ತಿಲಿನಿಂದ ಹೊರಟು ತೋಟದ ಅಂಚಿನ ಜೀಪು ರಸ್ತೆಯವರೆಗೆ ಹೋಗಿ ನಿಂತಿತು. ಮೂಟೆಗಳನ್ನು ಅಲ್ಲಿಂದ ವಾಹನಕ್ಕೆ ಹಾಕಿರಬೇಕೆಂದು ಅಷ್ಟರಿಂದ ತಿಳಿಯಿತು. ಕಳವು ಕಂಡ ಕೂಡಲೇ 112ಕ್ಕೆ ಫೋನು ಮಾಡಿ, ಎಲ್ಲರೂ ಜಗಲಿಗೆ ಬಂದು ಕೂತಿದ್ದರೆ ಇನ್ನೂ ಏನಾದರೂ ಸಿಗುತ್ತಿತ್ತೇನೋ. ಹಾಲು ಕರೆಯಬೇಕು, ಒಲೆ ಹಚ್ಚಬೇಕು ಎಂಬುದೆಲ್ಲ ನಿಜ. ಪಕ್ಕದ ಮನೆಯಲ್ಲಿ ಒಂದು ಹೊತ್ತು ಕಾಫಿ ಕುಡಿದರೆ ಮನೆ ಮುಳುಗುವುದಿಲ್ಲ.

ಒಂದು ಒಳ್ಳೆಯ ಕೆಲಸ ನಮಗೆ ತಿಳಿಯದೆ ಆಯಿತು. ಪಕ್ಕದ ತೋಟದ ಗೌಡರ ಮಗ, ಕಾಲೇಜಿಗೆ ಹೋಗುವ ಹುಡುಗ, ಸುದ್ದಿ ಕೇಳಿ ಓಡಿಬಂದವನು ಮುರಿದ ಅಗುಳಿ, ಸೀಳುಬಿಟ್ಟ ಬಾಗಿಲ ಹಲಗೆ, ಮೀಟಿದ ಗುರುತು ಎಲ್ಲವನ್ನೂ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದ. "ಇದೇನು ಮದುವೆ ಮನೆಯೇನೋ?" ಎಂದು ಆಗ ನಾವು ಗದರಿದ್ದೆವು. ಆ ಫೋಟೋಗಳ ಬೆಲೆ ಮೂರು ತಿಂಗಳ ಮೇಲೆ ಗೊತ್ತಾಯಿತು.

ಠಾಣೆಯಲ್ಲಿ

ದೂರು ಕೊಡಲು ಹೋದಾಗ ರೈಟರು ಸೌಜನ್ಯದಿಂದಲೇ ಕೂರಿಸಿದರು. ಪಟ್ಟಿ ಕೇಳಿಕೊಂಡು, "ಒಡವೆ ಕಳೆದುಹೋಗಿದೆ ಅಂತ ಬರೆದುಕೊಡಿ ಸಾರ್, ಸ್ವೀಕೃತಿ ಇವತ್ತೇ ಸಿಗುತ್ತೆ, ಇನ್ಶೂರೆನ್ಸಿಗೆ ಅಷ್ಟು ಸಾಕು" ಎಂದರು. ಕೇಳಲು ಇದು ಉಪಕಾರದ ಮಾತು. ಆದರೆ ಕಳೆದುಹೋಗುವುದು ಬೇರೆ, ಕಳುವಾಗುವುದು ಬೇರೆ. ಬಸ್ಸಿನಲ್ಲಿ ಪರ್ಸು ಬಿಟ್ಟುಬಂದವರಿಗೆ, ಪಾಸ್‌ಬುಕ್ಕು ಎಲ್ಲಿಟ್ಟೆವೆಂದು ತಿಳಿಯದವರಿಗೆ ಪೋಲೀಸ್ ಇಲಾಖೆ ಇ-ಲಾಸ್ಟ್ ಎಂಬ ಸ್ವೀಕೃತಿ ಕೊಡುತ್ತದೆ. ಅದರ ಮೇಲೆ ತನಿಖೆ ನಡೆಯುವುದಿಲ್ಲ, ಮೊಕದ್ದಮೆ ಹುಟ್ಟುವುದಿಲ್ಲ, ಮನೆಗಳ್ಳತನದ ವಿಮೆಗೆ ಅದು ಆಧಾರವೂ ಆಗುವುದಿಲ್ಲ. ಬಾಗಿಲು ಮುರಿದ ಕಳವಿಗೆ ಬೇಕಾದದ್ದು ಪ್ರಥಮ ವರ್ತಮಾನ ವರದಿ, ಎಂದರೆ ಎಫ್.ಐ.ಆರ್.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೆಯ ಕಲಮಿನ ಪ್ರಕಾರ ಇಂಥ ಅಪರಾಧದ ವರ್ತಮಾನ ಬಂದರೆ ಠಾಣೆಯವರು ದಾಖಲು ಮಾಡಿಕೊಂಡು, ವರದಿಯ ಪ್ರತಿಯನ್ನು ದೂರುದಾರನಿಗೆ ಬಿಟ್ಟಿಯಾಗಿ ಕೊಡಬೇಕು. ತೋಟ ಎರಡು ಠಾಣೆಗಳ ಗಡಿಯಲ್ಲಿದ್ದರೆ "ಇದು ನಮ್ಮ ಸರಹದ್ದಲ್ಲ" ಎಂದು ತಿರುಗಿ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಿ ಕೊಟ್ಟರೂ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ದೂರನ್ನು ಮೊಬೈಲು, ಕಂಪ್ಯೂಟರಿನ ಮೂಲಕವೂ ಕಳಿಸಬಹುದು. ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಒಪ್ಪದೇ ಹೋದರೆ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಬರೆದು ಅಂಚೆಯಲ್ಲಿ ಕಳಿಸುವುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಇಂಥ ಅಪರಾಧಗಳಲ್ಲಿ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ಹೇಳಿದೆ. ನಾವು ಇಷ್ಟೆಲ್ಲ ಹೇಳಬೇಕಾಗಿ ಬರಲಿಲ್ಲ. "ಕಳೆದುಹೋಗಿಲ್ಲ ಸ್ವಾಮಿ, ಬಾಗಿಲು ಮುರಿದು ಒಯ್ದಿದ್ದಾರೆ" ಎಂದು ಎರಡು ಸಲ ಮೆತ್ತಗೆ ಹೇಳಿದ ಮೇಲೆ ರೈಟರೇ ಹಾಳೆ ತೆಗೆದರು.

ಎರಡನೆಯ ತಪ್ಪು ಆ ಹಾಳೆಯಲ್ಲಿಯೇ ಆಯಿತು. ಮದುವೆ ಮನೆಯ ನಿದ್ದೆಗೇಡು, ಬಸ್ಸಿನ ಆಯಾಸ, ಮನಸ್ಸಿನ ಗಾಬರಿ ಎಲ್ಲ ಸೇರಿ ನಾವು ಬರೆದದ್ದು ಇಷ್ಟೆ: "ಯಾರೋ ಕಳ್ಳರು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಈ ಕೆಳಕಂಡ ವಸ್ತುಗಳನ್ನು ಕದ್ದುಕೊಂಡು ಹೋಗಿರುತ್ತಾರೆ. ಮನೆಯ ವಿಷಯ ತಿಳಿದವರೇ ಮಾಡಿರಬಹುದು." ಅಗುಳಿ ಮುರಿದದ್ದನ್ನು ಬರೆಯಲಿಲ್ಲ. ಎದುರಿಗಿದ್ದವರು ಅದನ್ನು ಕಣ್ಣಾರೆ ನೋಡಲು ಬರುವವರೇ ಆಗಿರುವಾಗ ಬರೆಯುವುದೇನು ಎಂದುಕೊಂಡೆವು. ಓದಿದವರ ಸೋಮಾರಿತನ ಎಂದರೆ ಇದೇ. ಕೊನೆಯ ವಾಕ್ಯವನ್ನಂತೂ ಬರೆಯಲೇಬಾರದಿತ್ತು.

ಆ ವಾಕ್ಯ ಹೇಗೆ ಬಂತೆಂದರೆ, ಸಬ್‌ಇನ್ಸ್‌ಪೆಕ್ಟರು, "ಯಾರ ಮೇಲಾದರೂ ಅನುಮಾನ ಇದೆಯಾ ಯಜಮಾನರೇ?" ಎಂದು ಕೇಳಿದರು. ಕೇಳುವುದು ಅವರ ಕರ್ತವ್ಯ. ನಾವು, "ಅನುಮಾನ ಅಂತಲ್ಲ, ನಾವಿಲ್ಲದಾಗ ಕೊಟ್ಟಿಗೆ ನೋಡಿಕೊಳ್ಳುವವನು ಲೈನಿನ ಒಬ್ಬ ಆಳು" ಎಂದೆವು. ಹತ್ತೊಂಬತ್ತು ವರ್ಷದಿಂದ ನಮ್ಮ ತೋಟದಲ್ಲಿರುವವನು ಅವನು. ಮರುದಿನವೇ ಅವನನ್ನು ಠಾಣೆಗೆ ಕರೆಸಿದರು. ಮೂರನೆಯ ದಿನವೂ ಕರೆಸಿದರು. ಹೊಡೆಯಲಿಲ್ಲ, ಬೆಳಗಿನಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದ್ದರು ಅಷ್ಟೆ. ಅವನ ಮಗಳಿಗೆ ಆ ವಾರ ಹೆಣ್ಣು ನೋಡಲು ಬರುವವರಿದ್ದರು, ಬರಲಿಲ್ಲ. ತಿರುಗಿ ಬಂದು ಅಂಗಳದಲ್ಲಿ ನಿಂತು, "ಅಯ್ಯಾ, ನಾನು ನಿಮ್ಮ ಮನೆ ಬೀಗದಕೈ ಕೇಳಿದ್ದು ಯಾವತ್ತು?" ಎಂದು ಅವನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಅದೇ ದಿನ ಠಾಣೆಗೆ ಹೋಗಿ, ಇಂಥವನ ಮೇಲೆ ನಮಗೆ ಯಾವ ಅನುಮಾನವೂ ಇಲ್ಲವೆಂದು ಮರುಹೇಳಿಕೆ ಬರೆದುಕೊಟ್ಟೆವು. ಕಳವಾದಾಗ ಲೈನಿನವರನ್ನೋ ಹೊರ ರಾಜ್ಯದಿಂದ ಕುಯ್ಲಿಗೆ ಬಂದವರನ್ನೋ ಬೆರಳು ಮಾಡಿ ತೋರಿಸುವುದು ನಮ್ಮ ಕಡೆ ಎಷ್ಟು ಸಲೀಸಾಗಿದೆ ಎಂದರೆ, ಹಾಗೆ ಮಾಡುತ್ತಿದ್ದೇವೆಂಬುದು ಮಾಡುವಾಗ ತಿಳಿಯುವುದೇ ಇಲ್ಲ. ಕಣ್ಣಾರೆ ಕಂಡದ್ದಿದ್ದರೆ ಹೇಳಬೇಕು. ಇಲ್ಲದಿದ್ದರೆ "ಅಪರಿಚಿತರು" ಎಂಬ ಪದವೇ ಸರಿ.

ಸ್ಥಳ ಮಹಜರಿನ ವಿಷಯ ಒಂದು ಮಾತು. ಪಂಚರಾಗಿ ಸಹಿ ಹಾಕಲು ಊರಿನವರು ಹಿಂಜರಿಯುತ್ತಾರೆ, ಕೋರ್ಟಿಗೆ ಅಲೆಯಬೇಕಲ್ಲ ಎಂದು. ನಮ್ಮಲ್ಲಿ ಗೌಡರೂ ಅಂಚೆಯಣ್ಣನೂ ಒಪ್ಪಿದರು. ಮಹಜರು ಬರೆದ ಹೆಡ್ ಕಾನ್‌ಸ್ಟೇಬಲರು ಹಳಬರು, ಅಚ್ಚುಕಟ್ಟಿನವರು. ಬಾಗಿಲ ಅಳತೆ, ಅಗುಳಿ ತುಂಡಾದ ರೀತಿ, ಹಲಗೆಯ ಮೇಲೆ ಸಲಾಕೆಯಿಂದ ಮೀಟಿದ ನಾಲ್ಕು ಅಂಗುಲದ ಗುರುತು, ಬಚ್ಚಲ ಹಿಂದೆ ಬಿದ್ದಿದ್ದ ಕಬ್ಬಿಣದ ಸಲಾಕೆ, ಎಲ್ಲವನ್ನೂ ಸಾಲು ಬಿಡದೆ ಬರೆದರು. ಸಲಾಕೆಯನ್ನು ಮುದ್ದೇಮಾಲು ಎಂದು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿ ಒಯ್ದರು. ಈಗಿನ ಕಾನೂನಿನಲ್ಲಿ ಶೋಧನೆ, ಜಪ್ತಿಯ ಕೆಲಸವನ್ನು ವಿಡಿಯೋ ಮಾಡಬೇಕೆಂದೂ ಇದೆ. ಮಹಜರಿಗೆ ಸಹಿ ಹಾಕುವ ಮುಂಚೆ ಓದಿಸಿ ಕೇಳಬೇಕು. ಬಿಟ್ಟುಹೋದದ್ದನ್ನು ಅಲ್ಲಿಯೇ ಹೇಳಿದರೆ ಸೇರಿಸುತ್ತಾರೆ.

ಕೊಡಗಿನ ಕಡೆಯ ಬಂಧುಗಳಿಗೂ ಕೋವಿ ಇರುವ ಉಳಿದವರಿಗೂ ಇನ್ನೊಂದು: ಕಳ್ಳರು ಕೋವಿಯನ್ನೋ ತೋಟೆಗಳನ್ನೋ ಒಯ್ದಿದ್ದರೆ ಒಂದು ಗಳಿಗೆಯೂ ತಡಮಾಡದೆ ನಂಬರಿನ ಸಮೇತ ಠಾಣೆಗೆ ಬರೆದುಕೊಡಬೇಕು. ಅದರಿಂದ ಮುಂದೆ ಏನಾದರೂ ಅನಾಹುತವಾದರೆ ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನೇ.

ವಿಮೆಯವರು ಬಂದರು

ವಿಮಾ ಕಂಪೆನಿಗೆ ತಿಳಿಸಿದ್ದು ನಾಲ್ಕನೆಯ ದಿನ. ಪಾಲಿಸಿಯ ಕಾಗದ ಯಾವ ಟ್ರಂಕಿನಲ್ಲಿದೆಯೆಂದು ಹುಡುಕಲು ಮೂರು ದಿನ ಹಿಡಿಯಿತು. ಕೂಡಲೇ ತಿಳಿಸಬೇಕೆಂಬುದು ಎಲ್ಲ ಪಾಲಿಸಿಗಳ ಷರತ್ತು. ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ವಾಹನ ಕಳವಿನ ಒಂದು ಮೊಕದ್ದಮೆಯಲ್ಲಿ 2020ರಲ್ಲಿ ಸುಪ್ರೀಂ ಕೋರ್ಟೂ, ಪೋಲೀಸಿಗೆ ಕೂಡಲೇ ದೂರು ಕೊಟ್ಟಿದ್ದರೆ ಕಂಪೆನಿಗೆ ತಿಳಿಸಲು ಆದ ತಡವನ್ನೇ ಹಿಡಿದು ನಿರಾಕರಿಸುವಂತಿಲ್ಲ ಎಂದಿತು. ಹಾಗೆಂದು ತಡಮಾಡಲು ಇದು ಪರವಾನಗಿಯಲ್ಲ. ಫೋನಿನಲ್ಲಿ ಹೇಳಿದರೆ ಕ್ಲೇಮಿನ ನಂಬರು ಬರೆದುಕೊಳ್ಳಿ, ಜೊತೆಗೆ ಒಂದು ಕಾಗದವನ್ನೂ ಕಳಿಸಿ.

ಸರ್ವೇಯರು ಆರನೆಯ ದಿನ ಬಂದರು. ಅಷ್ಟರಲ್ಲಿ, ರಾತ್ರಿ ಮನೆ ಮುಚ್ಚಬೇಕಲ್ಲ, ಬಡಗಿಯನ್ನು ಕರೆಸಿ ಹಲಗೆ ಬದಲಾಯಿಸಿ ಹೊಸ ಅಗುಳಿ ಹಾಕಿಸಿದ್ದೆವು. ಅವರು ಬಾಗಿಲನ್ನು ಮುಟ್ಟಿ ನೋಡಿ, "ಬಲವಂತದ ಪ್ರವೇಶದ ಗುರುತೇ ಇಲ್ಲವಲ್ಲ?" ಎಂದು ಬರೆದುಕೊಂಡರು. ಏಪ್ರಿಲಿನಲ್ಲಿ ಕಂಪೆನಿಯ ಕಾಗದ ಬಂತು: ನಿಮ್ಮ ದೂರಿನಲ್ಲಿ ಬಾಗಿಲು ಮುರಿದ ಉಲ್ಲೇಖವಿಲ್ಲ, ಸರ್ವೇಯಲ್ಲಿ ಗುರುತು ಕಂಡಿಲ್ಲ, ಮನೆಯ ವಿಷಯ ತಿಳಿದವರೇ ಮಾಡಿರಬಹುದೆಂದು ನೀವೇ ಹೇಳಿದ್ದೀರಿ, ಆದ್ದರಿಂದ ಕ್ಲೇಮನ್ನು ಪರಿಗಣಿಸಲಾಗುವುದಿಲ್ಲ.

ಕಂಪೆನಿಯವರ ಮೇಲೆ ನಮಗೆ ಬಹಳ ಕೋಪ ಬಂದದ್ದು ನಿಜ. ಪಾಲಿಸಿಯನ್ನು ಮೊದಲ ಸಾರಿ ಪೂರ್ತಿ ಓದಿದ ಮೇಲೆ ಅರ್ಧ ಇಳಿಯಿತು. ಮನೆಗಳ್ಳತನದ ವಿಮೆಯಲ್ಲಿ ಕಳ್ಳತನ ಎಂದರೆ ಬಲಪ್ರಯೋಗದಿಂದ ಒಳಹೊಕ್ಕು, ಇಲ್ಲವೆ ಬಲಪ್ರಯೋಗದಿಂದ ಹೊರಬಿದ್ದು ಮಾಡಿದ ಕಳ್ಳತನ. ತೆರೆದ ಬಾಗಿಲಿನಿಂದ ಬಂದು ಒಯ್ದರೆ ಅದು ಕಳ್ಳತನ ಹೌದು, ಈ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ಬಲಪ್ರಯೋಗವಿಲ್ಲದೆ ದಾಸ್ತಾನಿನ ಮಾಲು ಕಳುವಾದ ಒಂದು ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಪಾಲಿಸಿಯ ಮಾತನ್ನು ಇದ್ದಂತೆಯೇ ಓದಬೇಕೆಂದು ಹೇಳಿ ಪರಿಹಾರ ನಿರಾಕರಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಅಪರಾಧದ ಕಾನೂನಿನಲ್ಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 330ನೆಯ ಕಲಮಿನಲ್ಲಿ, ಕೈಗೆ ಸಿಕ್ಕ ಬೀಗದಕೈಯಿಂದ ಬೀಗ ತೆಗೆದು ಒಳಹೊಕ್ಕರೂ ಅದು ಮನೆ ಮುರಿಯುವುದೇ. ವಿಮೆಗೆ ಅಷ್ಟು ಸಾಲದೆ ಹೋಗಬಹುದು. ತುಳಸಿಕಟ್ಟೆಯ ಗೂಡಿನಲ್ಲಿ, ಸೂರಿನ ಸಂದಿಯಲ್ಲಿ ಬೀಗದಕೈ ಇಟ್ಟು ಹೋಗುವ ನಮ್ಮ ಪದ್ಧತಿ ಎಷ್ಟು ದುಬಾರಿಯೆಂದು ಇದರಿಂದ ತಿಳಿದುಕೊಳ್ಳಿ.

ಮನೆಯ ವಿಷಯ ತಿಳಿದವರೆಂಬ ವಾಕ್ಯದ ಪೆಟ್ಟೂ ಅಂಥದ್ದೇ. ಮನೆಯವರೋ ಮನೆಯ ಆಳುಗಳೋ ಸೇರಿಕೊಂಡು ಮಾಡಿದ ಕಳ್ಳತನಕ್ಕೆ ಪರಿಹಾರವಿಲ್ಲ ಎಂಬುದು ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾದ ಷರತ್ತು. ನಾವು ಒಂದೇ ವಾಕ್ಯದಲ್ಲಿ ಹತ್ತೊಂಬತ್ತು ವರ್ಷದ ಆಳಿನ ಮಾನವನ್ನೂ ನಮ್ಮ ಕ್ಲೇಮನ್ನೂ ಕಳೆಯಲು ಹೊರಟಿದ್ದೆವು.

ಮೇ ತಿಂಗಳಲ್ಲಿ ಉತ್ತರ ಬರೆದೆವು. ಮಹಜರಿನ ಪ್ರತಿ, ಅದರಲ್ಲಿ ಅಗುಳಿ ಮತ್ತು ಸಲಾಕೆಯ ಸಾಲುಗಳಿಗೆ ಕೆಂಪು ಗೆರೆ, ಗೌಡರ ಮಗನ ಫೋಟೋಗಳು, ಅವುಗಳಲ್ಲಿ ತಾರೀಕೂ ವೇಳೆಯೂ ಇದ್ದವು, ನಮ್ಮ ಮರುಹೇಳಿಕೆ, ಬಡಗಿಯ ರಸೀತಿ. ಮುರಿದ ಅಗುಳಿಯ ಎರಡು ತುಂಡುಗಳು ಕೊಟ್ಟಿಗೆಯಲ್ಲಿವೆ, ಬಂದು ನೋಡಬಹುದು ಎಂದೂ ಬರೆದೆವು. ಕಾಗದವನ್ನು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಅಲ್ಲಿಗೂ ಬಗ್ಗದಿದ್ದರೆ ವಿಮಾ ಓಂಬುಡ್ಸ್‌ಮನ್‌ರ ಬಳಿಗೆ ಹೋಗುವುದೆಂದು ತೀರ್ಮಾನಿಸಿದ್ದೆವು. ಕರ್ನಾಟಕಕ್ಕೆ ಅವರ ಕಛೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. ಕಂಪೆನಿಗೆ ಬರೆದು ಒಂದು ತಿಂಗಳು ಕಾದಿರಬೇಕು, ನಿರಾಕರಣೆಯಾದ ಒಂದು ವರ್ಷದೊಳಗೆ ಹೋಗಬೇಕು; 50 ಲಕ್ಷ ರೂಪಾಯಿಯವರೆಗೆ ತೀರ್ಪು ಕೊಡುವ ಅಧಿಕಾರ ಅವರಿಗೆ 2023ರಿಂದ ಇದೆ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಉಂಟು, ಅದಕ್ಕೆ ಎರಡು ವರ್ಷದ ಗಡುವು. ನಮಗೆ ಎರಡೂ ಬೇಕಾಗಲಿಲ್ಲ. ಸರ್ವೇಯರು ಮತ್ತೊಮ್ಮೆ ಬಂದು ಕೊಟ್ಟಿಗೆಯಲ್ಲಿ ಕೂತು ಅಗುಳಿಯ ತುಂಡುಗಳನ್ನು ಜೋಡಿಸಿ ನೋಡಿ, "ಇದನ್ನು ಮೊದಲೇ ತೋರಿಸಬಾರದಿತ್ತೇ?" ಎಂದರು. ನಮ್ಮ ಮನೆಯವರು ಕಾಫಿ ಕೊಟ್ಟರು.

ಆಮೇಲೆ ಪೋಲೀಸರ ಅಂತಿಮ ವರದಿ ಬೇಕೆಂದು ಕೇಳಿದರು. ಪತ್ತೆಯಾಗದ ಪ್ರಕರಣಕ್ಕೆ ನಮ್ಮ ರಾಜ್ಯದಲ್ಲಿ ಪೋಲೀಸರು ಕೋರ್ಟಿಗೆ ಹಾಕುವುದು ಸಿ ರಿಪೋರ್ಟ್. ಅದು ನಮ್ಮ ಕೈಯಲ್ಲಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ತನಿಖೆ ನಡೆದಿದೆ, ಇದುವರೆಗೆ ಪತ್ತೆಯಾಗಿಲ್ಲ ಎಂದು ಠಾಣೆಯಿಂದ ಪತ್ರ ತಂದು, ಒಡವೆ ಸಿಕ್ಕರೆ ತಿಳಿಸುತ್ತೇವೆಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಕಂಪೆನಿ ಒಪ್ಪಿತು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರನಿಗೆ ಪೋಲೀಸರೇ ತಿಳಿಸಬೇಕೆಂದು ಹೊಸ ಸಂಹಿತೆಯಲ್ಲಿದೆ. ಆ ಮಾತನ್ನು ನೆನಪಿಸಿದ್ದರಿಂದ ಪತ್ರ ಬೇಗ ಸಿಕ್ಕಿತು.

ಏನು ಬಂತು, ಏನು ಬರಲಿಲ್ಲ

ಆಗಸ್ಟಿನಲ್ಲಿ ಬಂದ ಮೊತ್ತ 2 ಲಕ್ಷ 25 ಸಾವಿರ. ಸರಕ್ಕೆ 90 ಸಾವಿರ, ಬಳೆಗಳಿಗೆ 1 ಲಕ್ಷ 35 ಸಾವಿರ. ಏಕೆಂದರೆ ಒಡವೆಗಳ ಪಟ್ಟಿ ಮಾಡಿಸಿದ್ದು 2016ರಲ್ಲಿ. ಅಂದಿನ ಬೆಲೆಯೇ ಪ್ರತಿ ಒಡವೆಯ ಮುಂದೆ ಇತ್ತು, ಪ್ರತಿ ವರ್ಷ ಕಂತು ಕಟ್ಟಿ ನವೀಕರಿಸಿದಾಗಲೂ ನಾವು ಅದನ್ನು ತಿದ್ದಿಸಲಿಲ್ಲ. ಚಿನ್ನದ ಬೆಲೆ ಆ ಒಂಬತ್ತು ವರ್ಷದಲ್ಲಿ ಎಲ್ಲಿಗೆ ಹೋಯಿತೆಂದು ಬಲ್ಲಿರಿ. ಓಲೆ ಆಮೇಲೆ ಕೊಂಡದ್ದು, ಪಟ್ಟಿಯಲ್ಲಿರಲಿಲ್ಲ; ಅದಕ್ಕೆ ಸೊನ್ನೆ. ನಗದಿಗೆ ನಮ್ಮ ಪಾಲಿಸಿಯಲ್ಲಿ ಜಾಗವೇ ಇರಲಿಲ್ಲ. ಅಡಿಕೆಗೂ ಇರಲಿಲ್ಲ.

ಅಡಿಕೆಯ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಯ ಪಾಲಿಸಿ ಮನೆಯ ಸಾಮಾನಿಗೆ. ಉಗ್ರಾಣದ ಅಡಿಕೆ, ಪಾರ್ಚ್‌ಮೆಂಟ್, ಚೆರ್ರಿ, ಮೆಣಸು ಇವೆಲ್ಲ ಮಾರಾಟದ ಮಾಲು. ಅವಕ್ಕೆ ದಾಸ್ತಾನಿನ ಹೆಸರಿನಲ್ಲಿ ಬೆಂಕಿ ಮತ್ತು ಕಳ್ಳತನದ ವಿಮೆ ಪ್ರತ್ಯೇಕವಾಗಿ ಮಾಡಿಸಬೇಕು. ಅದೂ ಬೀಗ ಹಾಕಿದ ಕಟ್ಟಡದೊಳಗಿನ ಮಾಲಿಗೆ. ಕಣದಲ್ಲಿ ಒಣಗಲು ಹರಡಿದ ಕಾಫಿ, ಚಪ್ಪರದ ಮೇಲಿನ ಅಡಿಕೆ ರಾತ್ರೋರಾತ್ರಿ ಹೋದರೆ, ಮುರಿಯಲು ಅಲ್ಲಿ ಬಾಗಿಲೇ ಇಲ್ಲವಲ್ಲ! ಮೊತ್ತವನ್ನು ಕಡಿಮೆ ತೋರಿಸಿದರೂ ಪೆಟ್ಟೇ. ಹತ್ತು ಲಕ್ಷದ ಮಾಲಿಗೆ ಐದು ಲಕ್ಷದ ವಿಮೆ ಮಾಡಿಸಿ, ಎರಡು ಲಕ್ಷದ ಮಾಲು ಹೋದರೆ ಎರಡೂ ಲಕ್ಷ ಬರುತ್ತದೆಂದು ತಿಳಿಯಬೇಡಿ. ಅರ್ಧಕ್ಕೇ ವಿಮೆ ಇರುವುದರಿಂದ ನಷ್ಟದ ಅರ್ಧ, ಅಂದರೆ ಒಂದು ಲಕ್ಷ ಮಾತ್ರ. ಸರಾಸರಿ ಷರತ್ತು ಎಂದು ಇದಕ್ಕೆ ಹೆಸರು. ಸಂಘದ ಗೋದಾಮಿನಲ್ಲಿ ಚೀಟಿ ಪಡೆದು ಇಟ್ಟ ಮಾಲಿಗೆ ಸಂಘದ ಪಾಲಿಸಿ ಉಂಟು. "ನಾಳೆ ತೂಗಿಸ್ತೇನೆ, ಇಲ್ಲೇ ಮೂಲೆಯಲ್ಲಿರಲಿ" ಎಂದು ಇಟ್ಟುಹೋಗುವ ಮೂಟೆಗಳಿಗೆ ಇಲ್ಲ. ಸದಸ್ಯರು ದಯವಿಟ್ಟು ನಮ್ಮ ಗುಮಾಸ್ತರನ್ನು ಮುಜುಗರಕ್ಕೆ ಸಿಕ್ಕಿಸಬಾರದು.

ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ತೆಗೆದ ಹಲವರಲ್ಲಿ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿ ಇದೆ. 2021ರ ಏಪ್ರಿಲಿನಿಂದ ಬಂದದ್ದು; ಬೆಂಕಿ, ನೆರೆ, ಬಿರುಗಾಳಿ, ಭೂಕುಸಿತಕ್ಕೆ ಒಳ್ಳೆಯದೇ. ಆದರೆ ಕಳ್ಳತನಕ್ಕೆ ಅದು ಒದಗುವುದು ಬೆಂಕಿಯೋ ನೆರೆಯೋ ಬಂದು, ಅದರ ಕಾರಣದಿಂದ ಏಳು ದಿನದೊಳಗೆ ಕಳವಾದರೆ ಮಾತ್ರ. ಸುಮ್ಮನೆ ಕನ್ನ ಹಾಕಿದರೆ ಇಲ್ಲ. ಕನ್ನದ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು, ಮನೆ ಎಷ್ಟು ದಿನ ಬೀಗ ಹಾಕಿದ್ದರೆ ಮುಂಚೆಯೇ ತಿಳಿಸಬೇಕೆಂಬ ಸಾಲನ್ನು ಹುಡುಕಿ ಓದಬೇಕು. ಮಕ್ಕಳ ಮನೆಗೆಂದು ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವ ಹಿರಿಯರು ಈಗ ಹೆಚ್ಚಾಗಿದ್ದಾರೆ.

ಒಡವೆ ನಮ್ಮದೆಂದು ತೋರಿಸಲು ನಮ್ಮಲ್ಲಿ ರಸೀತಿ ಇರಲಿಲ್ಲ. ಅಮ್ಮನ ಕಾಲದ ಸರಕ್ಕೆ ರಸೀತಿ ಎಲ್ಲಿಂದ ಬರಬೇಕು? ಕೈಹಿಡಿದದ್ದು ಹಿಂದೊಮ್ಮೆ ಕೊಳೆರೋಗ ಬಂದ ವರ್ಷ ಅಡವಿಟ್ಟು ಸಾಲ ತೆಗೆದ ಚೀಟಿ. ಸಹಕಾರಿ ಬ್ಯಾಂಕಿನ ಚಿನಿವಾರರು ಒಂದೊಂದು ಒಡವೆಯ ತೂಕ, ಮಾಟ, ಕೊಂಡಿಯ ಬೆಸುಗೆಯವರೆಗೆ ಬರೆದಿದ್ದರು. ಆಗ ಮುಖ ಮುಚ್ಚಿಕೊಂಡು ಹೋಗಿ ಅಡವಿಟ್ಟ ಸಾಲವೇ ಈಗ ಸಾಕ್ಷಿ ಹೇಳಿತು. ಹೊಸ ಒಡವೆಗಳಿಗೆ 2023ರ ಏಪ್ರಿಲಿನಿಂದ ಹಾಲ್‌ಮಾರ್ಕಿನ ಆರಕ್ಷರದ ಗುರುತು ಕಡ್ಡಾಯ. ಅದನ್ನು ರಸೀತಿಯ ಮೇಲೆ ಬರೆಸಿ, ಒಡವೆಯ ಫೋಟೋದೊಡನೆ ಮನೆಯ ಹೊರಗೆ ಎಲ್ಲಿಯಾದರೂ ಇಡಿ. ಬ್ಯಾಂಕಿನ ಲಾಕರೂ ಪೂರ್ಣ ಅಭಯವಲ್ಲ: 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಅಲ್ಲಿ ಕಳ್ಳತನವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಎರಡು ಸಾವಿರದ ಬಾಡಿಗೆಗೆ ಎರಡು ಲಕ್ಷ. ಆದರೂ ಬೀರುವಿಗಿಂತ ಲಾಕರು ಮೇಲು ಎನ್ನುವುದರಲ್ಲಿ ನಮಗೆ ಈಗ ಸಂದೇಹವಿಲ್ಲ.

ಅಕ್ಟೋಬರಿನಲ್ಲಿ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದ ಇಬ್ಬರು ನಮ್ಮ ಮನೆಯದನ್ನೂ ಒಪ್ಪಿಕೊಂಡರು. ಇಬ್ಬರೂ ನಮ್ಮ ಊರಿನವರಲ್ಲ, ಯಾರ ಲೈನಿನವರೂ ಅಲ್ಲ. ಬಳೆಗಳನ್ನು ಕರಗಿಸಿಯಾಗಿತ್ತು. ಸರ ಮಾತ್ರ ದೂರದ ಪೇಟೆಯ ಗಿರವಿ ಅಂಗಡಿಯಲ್ಲಿ ಹಾಗೆಯೇ ಸಿಕ್ಕಿತು, ಚೀಟಿಯಲ್ಲಿ ಬರೆದ ಕೊಂಡಿಯ ಬೆಸುಗೆಯಿಂದ ಗುರುತಾಯಿತು. ಹೀಗೆ ಸಿಕ್ಕ ಮಾಲು ಠಾಣೆಯಿಂದ ನೇರವಾಗಿ ನಮ್ಮ ಕೈಗೆ ಬರುವುದಿಲ್ಲ. ಮ್ಯಾಜಿಸ್ಟ್ರೇಟರ ಕೋರ್ಟಿಗೆ ಅರ್ಜಿ ಹಾಕಬೇಕು. ಮೊಕದ್ದಮೆ ಮುಗಿಯುವವರೆಗೆ ಒಡವೆಗಳನ್ನು ಠಾಣೆಯಲ್ಲಿ ಕೊಳೆಹಾಕದೆ, ಫೋಟೋ ಮತ್ತು ವಿವರ ಬರೆದಿಟ್ಟುಕೊಂಡು ಮುಚ್ಚಳಿಕೆಯ ಮೇಲೆ ಹಕ್ಕುದಾರರಿಗೆ ಬೇಗ ಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಸುಂದರಭಾಯಿ ಅಂಬಾಲಾಲ ದೇಸಾಯಿ ಮೊಕದ್ದಮೆಯಲ್ಲಿ ಹೇಳಿದೆ. ಅದಕ್ಕೂ ಹಿಂದೆ, 1977ರಲ್ಲಿ, ನಮ್ಮ ರಾಜ್ಯದ ಬಸವ್ವ ಪಾಟೀಲ್ ಎಂಬವರ ಮೊಕದ್ದಮೆಯಲ್ಲಿ ಪೋಲೀಸರ ವಶದಲ್ಲಿದ್ದಾಗಲೇ ಒಡವೆಗಳು ಕಾಣೆಯಾಗಿದ್ದವು. ಅದರ ಬೆಲೆಯನ್ನು ಸರ್ಕಾರವೇ ಕೊಡಬೇಕೆಂದು ಅದೇ ಕೋರ್ಟು ತೀರ್ಪಿತ್ತಿತು. ನಮ್ಮ ವಕೀಲರು ಇವೆರಡನ್ನೂ ಅರ್ಜಿಯಲ್ಲಿ ಸೇರಿಸಿದ್ದರು. ಡಿಸೆಂಬರಿನಲ್ಲಿ ಆದೇಶವಾಯಿತು. ಕೇಳಿದಾಗ ತಂದು ತೋರಿಸಬೇಕು, ಮಾರಬಾರದು, ಕರಗಿಸಬಾರದು ಎಂಬ ಷರತ್ತು.

ಅಷ್ಟಕ್ಕೆ ಮುಗಿಯಲಿಲ್ಲ. ಸರಕ್ಕೆ ಕಂಪೆನಿ 90 ಸಾವಿರ ಕೊಟ್ಟಿದೆಯಲ್ಲ, ಹಣವನ್ನೂ ಒಡವೆಯನ್ನೂ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. "ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಬಂಧುಗಳೊಬ್ಬರು ಕೇಳಿದರು. ಮುಚ್ಚಳಿಕೆಗೆ ಸಹಿ ಹಾಕಿದವರು ನಾವು. ಕಂಪೆನಿಗೆ ಬರೆದೆವು, 90 ಸಾವಿರ ಹಿಂದಿರುಗಿಸಿ ಸರವನ್ನು ಇಟ್ಟುಕೊಳ್ಳಲು ಅವರು ಒಪ್ಪಿದರು. ಅಂದಿನ ಪೇಟೆಯಲ್ಲಿ ಅದರ ಬೆಲೆ ಮೂರು ಲಕ್ಷ ದಾಟಿತ್ತು. ಮನೆಯವರು ಅದನ್ನು ಇನ್ನೂ ಕೊರಳಿಗೆ ಹಾಕಿಲ್ಲ. ಕೋರ್ಟಿನವರು ಯಾವಾಗ ತನ್ನಿ ಎನ್ನುತ್ತಾರೋ ಎಂದು ಲಾಕರಿನಲ್ಲಿಟ್ಟಿದ್ದಾರೆ.

ಇಬ್ಬರು ಸಿಕ್ಕ ಸುದ್ದಿ ಬಂದ ಸಂಜೆ ನಾವು ಲೈನಿಗೆ ಹೋಗಿ ಹೇಳಿದೆವು. ಅವನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು, "ಸರಿ ಅಯ್ಯಾ" ಎಂದಷ್ಟೇ ಹೇಳಿದ. ಅವನ ಮಗಳ ಮದುವೆ ಈ ಸುಗ್ಗಿ ಮುಗಿದ ಮೇಲೆ ಗೊತ್ತಾಗಿದೆ. ಬೇರೆ ಕಡೆಯ ಹುಡುಗ. ನಮ್ಮನ್ನೂ ಕರೆದಿದ್ದಾನೆ.